ಹುಲಿ, ಆಡು, ಕಣಕಿ ಸೂಡು

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಶಾಂತಕುಮಾರ ತನ್ನ ಜೀವಮಾನದಲ್ಲಿ ಬಿಡಿಸಿದ್ದು ಒಂದೇ ಲೆಕ್ಕ. ಆದರೆ ಅದನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದನೆಂದರೆ, ಎರಡನೆಯದಕ್ಕೆ ಕೈ ಹಾಕುವ ಅಗತ್ಯ ಅವನಿಗೆ ಮುಂದೆಂದೂ ಕಾಣಲಿಲ್ಲ.

ಅದು ಅವನು ಏಳನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಶಾಲೆಯಲ್ಲಿ ಬೆಂಚುಗಳಿರಲಿಲ್ಲ. ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು ಹಾಸಿದ್ದರು. ಹುಡುಗರು ಆ ಕಲ್ಲಿನ ಮೇಲೆಯೇ ಸೀಮೆಸುಣ್ಣದಿಂದ ಲೆಕ್ಕ ಬರೆಯುತ್ತಿದ್ದರು, ಬೇಸಿಗೆಯಲ್ಲಿ ಅದರ ತಂಪಿಗೆ ಕೆನ್ನೆಯಿಟ್ಟು ಉತ್ತರ ಯೋಚಿಸುವ ನೆಪದಲ್ಲಿ ನಿದ್ದೆಯನ್ನೂ ಮಾಡುತ್ತಿದ್ದರು. ಗಣಿತ ಹೇಳುತ್ತಿದ್ದವರು ಭಗವಂತ ಮಾಸ್ತರು. ಅವರ ಪದ್ಧತಿ ಸರಳವಾಗಿತ್ತು. “ಮೊದಲ, ಏನು ಕೊಟ್ಟಾರ ನೋಡು. ಆಮ್ಯಾಲ, ಏನು ಕೇಳ್ಯಾರ ನೋಡು. ಚಿತ್ರ ತಗಿ. ಅಷ್ಟಕ್ಕೂ ತಿಳೀಲಿಲ್ಲಂದ್ರ ಉತ್ತರದ ಕಡಿಂದ ಹಿಂದಕ್ಕ ನಡಕೋತ ಬಾ,” ಎನ್ನುತ್ತಿದ್ದರು. ಶಾಂತಕುಮಾರ ಮೊದಲನೆಯ ಮೆಟ್ಟಿಲಲ್ಲೇ ಎಡವುತ್ತಿದ್ದ. ವಾಡಿಯಿಂದ ಇಂತಿಷ್ಟು ವೇಗದಲ್ಲಿ ಹೊರಟ ರೈಲು ಸೇಡಂ ಯಾವಾಗ ಮುಟ್ಟುತ್ತದೆ ಎಂಬ ಲೆಕ್ಕಕ್ಕೆ ಅವನು, ಚಿತ್ತಾಪುರದಲ್ಲಿ ಕ್ರಾಸಿಂಗ್ ಇರುತ್ತದೆ, ಆದ್ದರಿಂದ ಹೇಳಲು ಬರುವುದಿಲ್ಲ ಎಂದು ಬರೆದಿದ್ದ. ಸ್ಟೇಷನ್ನಿನ ಪಕ್ಕದಲ್ಲೇ ಬೆಳೆದವನಿಗೆ ಅದು ಅನುಭವದ ಮಾತು.

“ಲೆಕ್ಕದಾಗ ಕ್ರಾಸಿಂಗ್ ಕೊಟ್ಟಾರೇನಲೇ?” ಎಂದಿದ್ದರು ಮಾಸ್ತರು. “ಕೊಟ್ಟಿದ್ದು ಬ್ಯಾರೆ, ನೀ ನಿನ್ನ ಕಿಸೇದಿಂದ ತಗದು ಹಾಕಿದ್ದು ಬ್ಯಾರೆ. ಎರಡೂ ಕಲಸಬ್ಯಾಡ.”

ಆ ವರ್ಷವೇ ಒಂದು ಮಧ್ಯಾಹ್ನ ಮಾಸ್ತರು ಆ ಲೆಕ್ಕ ಕೊಟ್ಟರು. ಒಬ್ಬ ಮನುಷ್ಯ ಕಾಗಿಣಾ ನದಿ ದಾಟಬೇಕು. ಅವನ ಹತ್ತಿರ ಒಂದು ಹುಲಿ, ಒಂದು ಆಡು, ಒಂದು ಕಣಕಿ ಸೂಡು, ಅಂದರೆ ಒಣಗಿದ ಜೋಳದ ದಂಟಿನ ಕಟ್ಟು. ತೆಪ್ಪದಲ್ಲಿ ಅವನ ಜೊತೆ ಒಂದಕ್ಕಷ್ಟೇ ಜಾಗ. ಅವನಿಲ್ಲದಾಗ ಹುಲಿಯ ಕೈಗೆ ಆಡು ಸಿಕ್ಕರೆ ತಿನ್ನುತ್ತದೆ, ಆಡಿನ ಬಾಯಿಗೆ ಕಣಕಿ ಸಿಕ್ಕರೆ ಮೇಯುತ್ತದೆ. ಮೂರನ್ನೂ ದಾಟಿಸುವುದು ಹೇಗೆ? ತರಗತಿಯಲ್ಲಿ ಒಬ್ಬ ಹುಲಿಯ ಬಾಯಿ ಕಟ್ಟಿದ. ಇನ್ನೊಬ್ಬ, ಹುಲಿ ಸಾಕಿದವನಿಗೆ ಆಡಿನ ಚಿಂತೆ ಯಾಕೆ ಎಂದು ಕೇಳಿ ಪೆಟ್ಟು ತಿಂದ. ಶಾಂತಕುಮಾರ ಮಾತ್ರ ನೆಲದ ಮೇಲೆ ಎರಡು ಗೆರೆ ಎಳೆದು, ಸೀಮೆಸುಣ್ಣ, ಹುಣಸೆ ಬೀಜ, ದಾರದ ತುಂಡು ಇಟ್ಟುಕೊಂಡು, ಆ ದಂಡೆಗೆ ಈ ದಂಡೆಗೆ ಸರಿಸುತ್ತಾ ಕುಳಿತಿದ್ದವನು ಎದ್ದು ನಿಂತು ಹೇಳಿದ. “ಒಯ್ದಿದ್ದ ಆಡಿನ್ನ ಹೊಳ್ಳಿ ತರಬೇಕ್ರಿ ಸರ್.”

ಮಾಸ್ತರು ಕುರ್ಚಿ ಬಿಟ್ಟು ಎದ್ದು ಬಂದು ಅವನ ಬೆನ್ನು ತಟ್ಟಿದರು. ಮೊದಲು ಆಡು, ಆಮೇಲೆ ಹುಲಿ, ಹುಲಿ ಬಿಟ್ಟು ಬರುವಾಗ ಆಡನ್ನು ವಾಪಸು ತರುವುದು, ಕಣಕಿ ಒಯ್ಯುವುದು, ಕೊನೆಗೆ ಮತ್ತೆ ಆಡು. ಆ ಸಂಜೆ ಅವನ ಇಬ್ಬರು ಅಕ್ಕಂದಿರು, ಶರಣಬಸಮ್ಮ ಮತ್ತು ಚಂದಮ್ಮ, ಚಪಾತಿ ಪುಡಿ ಮಾಡಿ ಬೆಲ್ಲ ಕಲಸಿ ಮಾಲ್ದಿ ಮಾಡಿಕೊಟ್ಟರು. ಮೂವರೂ ಒಂದೇ ಗಂಗಾಳದಲ್ಲಿ ಕೈಯಿಟ್ಟು ತಿಂದರು. ಅದಕ್ಕೂ ಮುಂಚೆ ಆ ಅಕ್ಕಂದಿರು ಅವನ ಆಚೆಗೊಬ್ಬಳು ಈಚೆಗೊಬ್ಬಳು ಕೂತು ಮಗ್ಗಿ ಕೇಳುತ್ತಿದ್ದರು, ತಪ್ಪಿದರೆ ಎರಡೂ ಕಡೆಯಿಂದ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಬೆನ್ನಿಗೆ ಗುದ್ದಿನ ಬದಲು ಶಹಬ್ಬಾಸ್‌ಗಿರಿ ಬಿದ್ದ ದಿನ ಅದೊಂದೇ ಆಗಿದ್ದರಿಂದ ಶಾಂತಕುಮಾರ ಅದನ್ನು ಮರೆಯಲೇ ಇಲ್ಲ.

ಈಗ ಅವನಿಗೆ ಐವತ್ತು ದಾಟಿದೆ. ಪೊಲೀಸ್, ಪಿಡಿಓ ಎಂದು ನೂರೆಂಟು ಪರೀಕ್ಷೆ ಕಟ್ಟುವ ಹುಡುಗರು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಅಂಗಡಿಗೆ ಬಂದರೆ, ಪ್ರತಿ ಹೊರಬರುವವರೆಗೂ ಅವರಿಗೆ ಪುಕ್ಕಟೆ ಉಪದೇಶ ಸಿಗುತ್ತದೆ. “ನೋಡ್ರಿ, ಮುಂದ ಹೋಗಬೇಕಂದ್ರ ಒಮ್ಮೊಮ್ಮೆ ಆಡಿನ್ನ ಹೊಳ್ಳಿ ತರಬೇಕಾಗ್ತದ. ಇದರಾಗ ಪೂರಾ ರೀಜನಿಂಗ್ ಬಂತು.” ಹುಡುಗರು ತಲೆಯಾಡಿಸುತ್ತಾರೆ. ಅವರ ಕಾಗದ ಮಷೀನಿನಲ್ಲಿ ಸಿಕ್ಕಿಕೊಂಡಿರುವುದರಿಂದ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಶಾಂತಕುಮಾರನ ನಿಜವಾದ ಪಾಂಡಿತ್ಯ ಮಾತ್ರ ಅಂಗಡಿಯಲ್ಲಲ್ಲ, ಮನೆಯಲ್ಲಿ ಖರ್ಚಾಗುತ್ತಿತ್ತು. ಕಾರಣ, ಆ ಇಬ್ಬರು ಅಕ್ಕಂದಿರು. ಅವನ ಮಗ ಚೌಡೇಶನನ್ನು ತೊಟ್ಟಿಲಿಗೆ ಹಾಕಿದ ದಿನ ಅವರಿಬ್ಬರಿಗೆ ಜಗಳವಾಗಿತ್ತು. ಅವರ ಮನೆತನದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಕೂಗುವುದು ಹಿರಿ ಅತ್ತೆಯ ಹಕ್ಕು. ಆಕೆ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಪ್ರೀತಿಯಿಂದ ಗುದ್ದಬೇಕು. ತೀರಿಕೊಂಡಿದ್ದ ಅವ್ವ ಬದುಕಿದ್ದಾಗ, ಮುಂದಿನ ಕೂಸಿನ ಹೆಸರು ನೀ ಕೂಗು ಎಂದು ಚಂದಮ್ಮನಿಗೆ ಮಾತು ಕೊಟ್ಟಿದ್ದಳಂತೆ. ಶರಣಬಸಮ್ಮನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಗ್ಗಿದಳೋ, ಅಂತೂ ಬಗ್ಗಿದಳು. ಚಂದಮ್ಮ ಗುದ್ದಿದಳು. ಗುದ್ದಿನಲ್ಲಿ ಪ್ರೀತಿ ಎಷ್ಟಿತ್ತೋ, ಶರಣಬಸಮ್ಮನ ಹಣೆ ಹೋಗಿ ತೊಟ್ಟಿಲ ಪಟ್ಟಿಗೆ ಬಡಿಯಿತು. ಒಬ್ಬಳು ಉಣ್ಣದೆ ಚಿಂಚೋಳಿಗೆ ಹೋದಳು, ಒಬ್ಬಳು ಉಣ್ಣದೆ ಸೇಡಂ ಬಳಿಯ ಮುಧೋಳಕ್ಕೆ ಹೋದಳು, ತಂತಮ್ಮ ಗಂಡನ ಮನೆಗೆ.

ಅಂದಿನಿಂದ ಶಾಂತಕುಮಾರ ಇಬ್ಬರನ್ನೂ ಒಂದು ದಂಡೆಯ ಮೇಲೆ ಬಿಟ್ಟವನಲ್ಲ. ಪಂಚಮಿಗೆ ಒಬ್ಬಳು, ದೀಪಾವಳಿಗೆ ಒಬ್ಬಳು. ಚೌಡೇಶನ ಮದುವೆಯಲ್ಲೂ ಅರಿಶಿಣದ ದಿನ ದೊಡ್ಡಕ್ಕ, ಅಕ್ಷತೆಯ ದಿನ ಸಣ್ಣಕ್ಕ. ಇಷ್ಟು ವರ್ಷ ಒಂದು ಜಗಳವೂ ಆಗದಂತೆ ಸಂಸಾರ ನಡೆಸಿದ್ದಕ್ಕೆ ಭಗವಂತ ಮಾಸ್ತರರ ಪಾಠವೇ ಕಾರಣವೆಂದು ಅವನು ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಒಬ್ಬನೇ ಉಣ್ಣಲು ಕೂತಾಗ ಮಾತ್ರ ಆ ಗಂಗಾಳ ನೆನಪಾಗುತ್ತಿತ್ತು.

ಈ ಏಪ್ರಿಲಿನಲ್ಲಿ ಚೌಡೇಶನಿಗೆ ಹೆಣ್ಣು ಮಗು ಹುಟ್ಟಿತು. ಅವನಿಗೆ ಅಕ್ಕತಂಗಿಯರಿಲ್ಲದ್ದರಿಂದ ಹೆಸರು ಕೂಗುವ ಹಕ್ಕು ಈ ಸಲವೂ ಅವನ ಅತ್ತೆಯರದೇ. ಹೆಂಡತಿ ಉಮಾದೇವಿ ಖಡಾಖಡಿ ಹೇಳಿದಳು. “ಏನ್ರಿ, ಈ ಸಲ ಇಬ್ರೂ ಬರಬೇಕು. ತೊಟ್ಟಲ ಮುಂದ ಇಬ್ರೂ ಇರ್ಲಿಕ್ಕೇ ಬೇಕು. ಮೊಮ್ಮಗಳ ಕಾರ್ಯಕ್ಕೂ ನಿಮ್ಮ ಪಾಳಿ ಪದ್ಧತಿ ನಡಸಬ್ಯಾಡ್ರಿ.”

ಶಾಂತಕುಮಾರನ ಮನಸ್ಸಿನಲ್ಲೂ ಅದೇ ಇತ್ತು. ತಾನು ಕಣ್ಣು ಮುಚ್ಚುವುದರೊಳಗೆ ಒಮ್ಮೆ ಇಬ್ಬರು ಅಕ್ಕಂದಿರೂ ಒಂದೇ ಸೂರಿನ ಕೆಳಗೆ ನಿಲ್ಲಬೇಕು, ಅಷ್ಟೇ. ಆದರೆ ಈ ಸಲವೂ ಜಗಳವಾದರೆ ಇಬ್ಬರೂ ಶಾಶ್ವತವಾಗಿ ಕೈಬಿಟ್ಟು ಹೋಗುತ್ತಾರೆ ಎಂಬ ಹೆದರಿಕೆಗೆ ಅವನಿಗೆ ನಾಲ್ಕು ದಿನ ರೊಟ್ಟಿ ರುಚಿಸಲಿಲ್ಲ.

ಮೇಲಿಂದ ದಾರಿಯ ತೊಂದರೆ. ಶಾಂತಕುಮಾರನ ಮನೆ ಹಳ್ಳದ ಆಚೆಯ ಹೊಸ ಪ್ಲಾಟುಗಳಲ್ಲಿ. ಸ್ಟೇಷನ್ನು ಈಚೆ. ಹಳ್ಳದ ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುತ್ತಿದ್ದರು. ಪಕ್ಕದಲ್ಲಿ ಮಣ್ಣು ಹಾಕಿ ಬೈಕು ಹೋಗುವಷ್ಟು ಅಡ್ಡದಾರಿ ಮಾಡಿದ್ದರು. ಆಟೋ ಸಹ ಹೋಗುವಂತಿರಲಿಲ್ಲ. ಅಕ್ಕಂದಿರು ಸೇಡಮ್ಮಿನಿಂದ ಒಂದೇ ರೈಲಿಗೆ ಬರಬೇಕಾಗಿತ್ತು. ಜೊತೆಗೆ ಸೇಡಮ್ಮಿನ ಬಸವಂತರಾಯ ಕಾಕಾ. ಈ ಕಾಕಾ ಭಾಳ ಮೆತ್ತನೆಯ ಜೀವ, ಯಾರೇನಂದರೂ ಹೂಂಗುಟ್ಟುವವರು. ಶರಣಬಸಮ್ಮನಿಗೂ ಅವರಿಗೂ ಚೆನ್ನಾಗಿತ್ತು. ಚಂದಮ್ಮನಿಗೆ ಮಾತ್ರ, ಅಂದಿನ ಜಗಳದಲ್ಲಿ ಹೂಂ ಎಂದದ್ದು ದೊಡ್ಡಕ್ಕನ ಮಾತಿಗೆ ಎಂದು ಅವರ ಮೇಲೆ ಸಿಟ್ಟು. ಸಿಕ್ಕಲ್ಲಿ ಬಿಡದೆ ಅಗಿದು ಹಾಕುತ್ತಿದ್ದಳು.

ಅಂಗಡಿಯಲ್ಲಿ ಕುಳಿತು ಇದನ್ನೆಲ್ಲ ಯೋಚಿಸುತ್ತಿದ್ದ ಶಾಂತಕುಮಾರ ಥಟ್ಟನೆ ನೆಟ್ಟಗಾದ. ನಡುವೆ ಹಳ್ಳ. ಹಿಂದೆ ಒಬ್ಬರನ್ನೇ ಕೂರಿಸಿಕೊಳ್ಳುವ ಬೈಕು. ದೊಡ್ಡಕ್ಕ, ಸಣ್ಣಕ್ಕ, ಕಾಕಾ. ಜೀವನ ಅವನಿಗೆ ಅದೇ ಲೆಕ್ಕವನ್ನು ಮತ್ತೊಮ್ಮೆ ಕೊಟ್ಟಿತ್ತು, ಉತ್ತರ ಅವನಿಗೆ ಬಾಯಿಪಾಠವಿತ್ತು. ಸಂತೋಷಕ್ಕೆ ಅವನು ಎದುರಿಗಿದ್ದ ಹುಡುಗನ ಮಾರ್ಕ್ಸ್ ಕಾರ್ಡಿನ ಎರಡು ಪ್ರತಿ ಹೆಚ್ಚಿಗೆ ತೆಗೆದುಕೊಟ್ಟ.

ಈ ಯೋಜನೆಯನ್ನು ಮೊದಲು ಕೇಳಿದವನು ಪಕ್ಕದ ಮನೆಯ ಭಾಗಣ್ಣ. ಆಟೋ ಓಡಿಸುವವನು, ಸೇತುವೆ ಕೆಡವಿದ್ದರಿಂದ ಮನೆಯಲ್ಲೇ ಇದ್ದ.

“ಶಾಂತಣ್ಣ, ನನ್ನ ಹತ್ರನೂ ಬೈಕ್ ಅದ,” ಎಂದ ಭಾಗಣ್ಣ. “ನೀ ಒಬ್ರಿನ್ನ ಕರಕೊಂಡು ಬಾ, ನಾ ಒಬ್ರಿನ್ನ ಕರಕೊಂಡು ಬರ್ತೀನಿ. ಒಂದು ಚಾ ಕುಡಿಯೋದ್ರಾಗ ಮುಗೀತದ.”

“ಲೆಕ್ಕದಾಗ ಎರಡನೇ ತೆಪ್ಪ ಇಲ್ಲ,” ಎಂದ ಶಾಂತಕುಮಾರ.

“ಯಾವ ತೆಪ್ಪ?”

ಶಾಂತಕುಮಾರ ಅಂಗಳದ ಪರಸಿ ಕಲ್ಲಿನ ಮೇಲೆ ಗೆರೆ ಎಳೆದು ಎಲ್ಲವನ್ನೂ ತಿಳಿಸಿದ. ಭಾಗಣ್ಣ ಬಹಳ ಹೊತ್ತು ಗೆರೆ ನೋಡಿದ. ಕೊನೆಗೆ, “ದೊಡ್ಡಕ್ಕಾರು ಹುಲಿ ಅಂದಂಗಾತು,” ಎಂದು ಎದ್ದು ಹೋದ. ಆ ಮಾತು ಮುಂದೆ ಎಲ್ಲಿ ಹೋಗಿ ಮುಟ್ಟೀತು ಎಂದು ಆಗ ಶಾಂತಕುಮಾರನಿಗೆ ಹೊಳೆಯಲಿಲ್ಲ.

ಕಾರ್ಯದ ದಿನ ರೈಲು ತಡವಾಗಿ ಬಂತು, ಚಿತ್ತಾಪುರದಲ್ಲಿ ಕ್ರಾಸಿಂಗ್ ಇತ್ತು. ಒಬ್ಬಳು ಮುಂದಿನ ಡಬ್ಬಿ, ಒಬ್ಬಳು ಹಿಂದಿನ ಡಬ್ಬಿ ಎಂದು ಶಾಂತಕುಮಾರ ಮೊದಲೇ ಫೋನಿನಲ್ಲಿ ಹೇಳಿಟ್ಟಿದ್ದ. ಹಿಂದಿನ ಡಬ್ಬಿಯಿಂದ ಚಂದಮ್ಮ ಒಂದು ದೊಡ್ಡ ಗಂಟು ಹಿಡಿದು ಇಳಿದಳು. ಮುಂದಿನದರಿಂದ ಶರಣಬಸಮ್ಮ, ಅವಳ ಹಿಂದೆ ಕಾಕಾ. ಅಕ್ಕಂದಿರು ದೂರದಿಂದ ಒಬ್ಬರನ್ನೊಬ್ಬರು ನೋಡಿ ತಲೆ ತಿರುಗಿಸಿದರು. ಶಾಂತಕುಮಾರ ಓಡಿಹೋಗಿ ಚಂದಮ್ಮನ ಕೈ ಹಿಡಿದ.

“ಸಣ್ಣಕ್ಕ, ನೀ ಮೊದಲ ನಡಿ.”

ಚಂದಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಹಿರಿಯಳನ್ನು ಬಿಟ್ಟು ತನ್ನನ್ನು ಮೊದಲು ಒಯ್ಯುತ್ತಿದ್ದಾನೆ. ಗಂಟನ್ನು ನಡುವೆ ಇಟ್ಟುಕೊಂಡು ಬೈಕು ಹತ್ತಿದಳು. ಮಂಡಿ ನೋವು, ಬಿಸಿಲು, ಮಣ್ಣಿನ ದಾರಿಯ ಕುಲುಕಾಟ, ಒಂದನ್ನೂ ಲೆಕ್ಕಿಸದೆ ತಮ್ಮನ ಬೆನ್ನಿಗೆ ಹೇಳುತ್ತಾ ಬಂದಳು. “ಕೌದಿ ಹೊಲದು ತಂದೀನಿ ತಮ್ಮಾ, ಕೂಸಿಗಿ. ಅವ್ವನ ಸೀರಿ ಇದ್ವಲ್ಲ, ಅವನ್ನ ಹರದು.” ಶಾಂತಕುಮಾರನ ಗಮನ ಮುಂದಿನ ದಾಟಿನ ಮೇಲಿತ್ತು. ಹೂಂ ಎಂದ.

ಮನೆಯಲ್ಲಿ ಆರತಿ ಆಯಿತು. ಚಂದಮ್ಮ ತೊಟ್ಟಿಲ ಬಳಿ ಕೌದಿ ಬಿಚ್ಚಿಟ್ಟು, ಕೂಸನ್ನು ಎತ್ತಿಕೊಂಡು, ಆಗಷ್ಟೇ ಚಹಾದ ಕಪ್ಪಿಗೆ ಕೈ ಚಾಚಿದ್ದಳು. ಅಷ್ಟರಲ್ಲಿ ಮುಂಬಾಗಿಲಲ್ಲಿ ಬೈಕಿನ ಸದ್ದು. ಶಾಂತಕುಮಾರ ಶರಣಬಸಮ್ಮನನ್ನು ಪಡಸಾಲೆಯಲ್ಲಿ ಕೂರಿಸಿ, ಅಡುಗೆಮನೆಯ ಮೂಲಕ ಒಳಗೆ ನುಗ್ಗಿ, ಚಂದಮ್ಮನ ಕೈಯಿಂದ ಕಪ್ಪು ಕಸಿದು ಕಟ್ಟೆಯ ಮೇಲಿಟ್ಟ.

“ಸಣ್ಣಕ್ಕ, ಹಿತ್ತಲ ಬಾಗಲದಿಂದ ಬಾ. ಸ್ಟೇಷನ್ನಿಗಿ ಹೋಗೋಣು.”

“ಈಗ ಬಂದೀನಲ್ಲೋ.”

“ಹೌದು. ಹೊಳ್ಳಿ ಹೋಗಬೇಕು.”

“ಯಾಕ? ಯಾರಿಗೇನಾಗ್ಯದ?”

“ಯಾರಿಗೇನಾಗಿಲ್ಲ. ಲೆಕ್ಕ ಹಂಗದ. ಆಮ್ಯಾಲ ತಿಳೀತದ.”

ತಮ್ಮನ ಮುಖದಲ್ಲಿದ್ದ ಅವಸರ ನೋಡಿ ಚಂದಮ್ಮ ಯಾರೋ ಸತ್ತಿರಬೇಕೆಂದುಕೊಂಡಳು. ಕೂಸನ್ನು ಸೊಸೆಯ ಮಡಿಲಿಗೆ ಹಾಕಿ, ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿನಿಂದ ಹೊರಟಳು. ಅಡುಗೆಮನೆಯಲ್ಲಿದ್ದ ಹೆಂಗಸರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಶಹಾಬಾದಿನಿಂದ ಬಂದಿದ್ದ ಬೀಗತಿ ಮೆಲ್ಲಗೆ ಹೇಳಿದಳು. “ಬರೇ ಕೌದಿ ತಂದಾಳಂತ ಹೊರಗ ಹಾಕಿದ್ರೇನೋ. ಅಲ್ರೀ, ಈ ಮನ್ಯಾಗ ಹಿಂಗೂ ಮಾಡ್ತಾರೇನು?” ನೀರು ಕೊಡಲು ಬಂದಿದ್ದ ಎದುರುಮನೆಯವಳು ಆ ಮಾತನ್ನು ಕೊಡದ ಸಮೇತ ಓಣಿಗೆ ಒಯ್ದಳು.

ಬೈಕಿನ ಮೇಲೆ ಚಂದಮ್ಮ ಕೇಳಿದಳು, ಅತ್ತಳು, ಕಡೆಗೆ ಸುಮ್ಮನಾದಳು. ಸ್ಟೇಷನ್ನಿನ ಮುಂದೆ ಬಸವಂತರಾಯ ಕಾಕಾ ತಮ್ಮ ಚೀಲ ತಬ್ಬಿಕೊಂಡು ಬೇವಿನ ನೆರಳಲ್ಲಿ ನಿಂತಿದ್ದರು. ಇಬ್ಬರೂ ಮುಖಾಮುಖಿಯಾಗಿ ಚಂದಮ್ಮ ಬಾಯಿ ತೆರೆಯುವುದರೊಳಗೆ ಶಾಂತಕುಮಾರ ಅವಳನ್ನು ಇಳಿಸಿ, ಕಾಕಾನನ್ನು ಹತ್ತಿಸಿಕೊಂಡ.

“ಇಲ್ಲೇ ಕುಂದ್ರು ಸಣ್ಣಕ್ಕ. ಈಗ ಬಂದೆ.”

“ಮತ್ತ ನಾ?”

“ನೀ ಕಡೀಗಿ,” ಎಂದು ಹೇಳಿ ಹೋಗಿಯೇ ಬಿಟ್ಟ.

ಬೇವಿನ ಕಟ್ಟೆಯ ಮೇಲೆ ಒಂಟಿಯಾಗಿ ಕೂತ ಹೆಂಗಸನ್ನು ರೈಲ್ವೆ ಪೊಲೀಸನೊಬ್ಬ ಅಷ್ಟು ಹೊತ್ತಿನಿಂದ ಗಮನಿಸುತ್ತಿದ್ದ. ಒಬ್ಬ ಮನುಷ್ಯ ಈಕೆಯನ್ನು ಬೈಕಿನಲ್ಲಿ ಒಯ್ದದ್ದು, ಅಳುತ್ತಿರುವಾಗಲೇ ವಾಪಸು ತಂದು ಬಿಟ್ಟು, ಬೇರೆ ಮುದುಕನನ್ನು ಹೇರಿಕೊಂಡು ಓಡಿದ್ದು, ಎಲ್ಲ ನೋಡಿದ್ದ. ಹತ್ತಿರ ಬಂದು, “ಅಮ್ಮಾ, ಮನ್ಯಾಗಿನವರು ಬಿಟ್ಟು ಹೋದ್ರೇನು?” ಎಂದು ಕೇಳಿದ. ಚಂದಮ್ಮ ಇಲ್ಲ ಎನ್ನಲು ಹೋಗಿ ಇನ್ನಷ್ಟು ಅತ್ತಳು.

ಅತ್ತ ಮನೆಯಲ್ಲಿ ನಡೆದದ್ದು ಶಾಂತಕುಮಾರನಿಗೆ ಆಮೇಲೆ ತಿಳಿಯಿತು. ಶರಣಬಸಮ್ಮ ಕೂಸನ್ನು ನೋಡಲು ಒಳಗೆ ಬಂದವಳು ತೊಟ್ಟಿಲ ಬಳಿಯ ಕೌದಿ ನೋಡಿದಳು. ಹಸಿರು ಸೀರೆ, ಕೆಂಪು ಅಂಚು. ಅವ್ವ ಹಬ್ಬಕ್ಕೆ ಉಡುತ್ತಿದ್ದದ್ದು. ಅದರ ಪಕ್ಕದಲ್ಲಿ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ನೀಲಿ. ಶರಣಬಸಮ್ಮ ಅದರ ಮೇಲೆ ಕೈಯಾಡಿಸುತ್ತಾ ಕೂತಳು. ಆಮೇಲೆ, “ಇದನ್ನ ಹೊಲದಾಕಿ ಎಲ್ಲದಾಳ?” ಎಂದಳು.

“ಈಗ ಇದ್ರು ಅಕ್ಕಾ,” ಎಂದಳು ಉಮಾದೇವಿ. “ಇವರು ಹೊಳ್ಳಿ ಸ್ಟೇಷನ್ನಿಗಿ ಬಿಟ್ಟು ಬರ್ಲಿಕ್ಕ ಹೋಗ್ಯಾರ.”

“ನೀವು ಬಂದ್ರಂತ ಆಕಿನ್ನ ಹೊರಗ ಹಾಕಿದ್ರು,” ಎಂದಳು ಬೀಗತಿ.

ಬಾಗಿಲಲ್ಲಿ ನಿಂತಿದ್ದ ಭಾಗಣ್ಣ ಶಾಂತಕುಮಾರನ ಮರ್ಯಾದೆ ಉಳಿಸಲು ಮುಂದೆ ಬಂದ. “ಹಂಗಲ್ರಿ. ನೀವು ಹುಲಿ ರೀ, ಸಣ್ಣಕ್ಕಾರು ಆಡು. ಆಡಿನ್ನ ಹೊಳ್ಳಿ ಒಯ್ಯಲೇಬೇಕು, ಇಲ್ಲಂದ್ರ ನೀವು ತಿಂತೀರಿ. ಲೆಕ್ಕ ಅದ.”

ಶರಣಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಬೈಕ್ ತಗಿ,” ಎಂದಳು.

ಶಾಂತಕುಮಾರ ಕಾಕಾನನ್ನು ಕೂರಿಸಿಕೊಂಡು ಅಡ್ಡದಾರಿಯ ನಡುವೆ ಬಂದಾಗ ಎದುರಿಗೆ ಭಾಗಣ್ಣನ ಬೈಕು ಬಂತು. ಹಿಂದೆ ದೊಡ್ಡಕ್ಕ ಕೂತಿದ್ದಳು. ಅವಳು ತಮ್ಮನ ಕಡೆ ನೋಡಲೂ ಇಲ್ಲ. ಭಾಗಣ್ಣ ಮಾತ್ರ ದಾರಿ ಬಿಡಿಸಿಕೊಳ್ಳುತ್ತಾ, “ಶಾಂತಣ್ಣ, ಎರಡನೇ ತೆಪ್ಪ,” ಎಂದ.

ಶಾಂತಕುಮಾರ ಬ್ರೇಕ್ ಒತ್ತಿದ. ಆ ದಂಡೆಯಲ್ಲಿ ಆಡು ಒಂಟಿಯಾಗಿ ಕೂತಿದೆ, ಹುಲಿ ತಾನಾಗಿ ಹೊಳೆ ದಾಟಿ ಹೋಗುತ್ತಿದೆ. ಇಂಥದ್ದು ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಕಾಕಾನನ್ನು ಮನೆ ಮುಟ್ಟಿಸಿ ಬರುವಷ್ಟು ಪುರಸೊತ್ತಿಲ್ಲ. ಅಲ್ಲೇ ಬೈಕು ತಿರುಗಿಸಿದ. ಕಾಕಾ ಎಂದಿನಂತೆ ಹೂಂ ಎಂದರು. ಹೀಗೆ, ಬೆಳಗಿನಿಂದ ಇಷ್ಟೆಲ್ಲ ಓಡಾಡಿದ ಮೇಲೆ, ಹುಲಿ, ಆಡು, ಕಣಕಿ ಸೂಡು, ತೆಪ್ಪದವನು, ನಾಲ್ವರೂ ಮೊದಲಿದ್ದ ದಂಡೆಗೇ ಬಂದು ನಿಂತಂತಾಯಿತು.

ದಾರಿಯುದ್ದಕ್ಕೂ ಅವನು ಏನೇನೋ ಕಲ್ಪಿಸಿಕೊಂಡಿದ್ದ. ಜಡೆ ಜಗ್ಗಾಟ, ಬೈಗುಳ, ಸೇರಿದ ಜನ. ಬೇವಿನ ಕಟ್ಟೆಯ ಹತ್ತಿರ ಬಂದು ನೋಡಿದರೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಶರಣಬಸಮ್ಮ ತನ್ನ ಸೆರಗಿನಿಂದ ತಂಗಿಯ ಮುಖ ಒರೆಸುತ್ತಿದ್ದಳು. ಪಕ್ಕದಲ್ಲಿ ಪೊಲೀಸ ನೀರಿನ ಬಾಟಲಿ ಹಿಡಿದು ನಿಂತಿದ್ದ.

“ಬಂದ ನೋಡು,” ಎಂದಳು ಶರಣಬಸಮ್ಮ.

“ಬಂದ,” ಎಂದಳು ಚಂದಮ್ಮ. ಚಿಕ್ಕಂದಿನಲ್ಲಿ ಅವನು ಆಟ ಮುಗಿಸಿ ತಡವಾಗಿ ಮನೆಗೆ ಬಂದಾಗ ಇಬ್ಬರೂ ಹೊಸ್ತಿಲಲ್ಲಿ ನಿಂತು ಹೀಗೆಯೇ ಹೇಳುತ್ತಿದ್ದರು.

ಮೊದಲು ಪೊಲೀಸನೇ ವಿಚಾರಣೆ ತೆಗೆದ. “ಈ ಅಮ್ಮಾರಿಗಿ ನೀವೇನಾಗಬೇಕು?”

“ತಮ್ಮ ರೀ.”

“ಖಾಸ್ ತಮ್ಮ ಇದ್ದು ಅಕ್ಕಗ ತಂದು ಸ್ಟೇಷನ್ನಿಗಿ ಬಿಟ್ಟು ಹೋಗ್ತೀರೇನು?”

ಶಾಂತಕುಮಾರ ನೆಲದ ಮೇಲೆ ಕಡ್ಡಿಯಿಂದ ಎರಡು ಗೆರೆ ಎಳೆದು ಲೆಕ್ಕ ವಿವರಿಸಿದ. ಪೊಲೀಸ ತಾಳ್ಮೆಯಿಂದ ಕೇಳಿ ಹೇಳಿದ. “ಇದು ನನಗೂ ಪರೀಕ್ಷಾದಾಗ ಬಂದಿತ್ತು ರೀ. ಖರೇ, ಅದರಾಗ ಆಡು ಅಳ್ತಿರಲಿಲ್ಲ.”

“ನಾ ಹುಲಿ ಅಂತಲ್ಲೋ?” ಎಂದಳು ಶರಣಬಸಮ್ಮ.

“ಬರೇ ಲೆಕ್ಕಕ್ಕ, ದೊಡ್ಡಕ್ಕ.”

“ಇರ್ಲಿ. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ.”

ಚಂದಮ್ಮ ಮೂಗು ಒರೆಸಿಕೊಂಡಳು. “ನೀ ಹುಲಿ ಆದ್ರ ನಾ ಯಾಕ ಆಡು?”

“ನೀ ಸಣ್ಣಾಕಿ.”

“ಸಣ್ಣ ಹುಲಿ ಇರಂಗಿಲ್ಲೇನು?”

ಇಬ್ಬರಿಗೂ ನಗು ಬಂತು. ಶಾಂತಕುಮಾರನೂ ನಗಲು ಹೋದ. ಅವನನ್ನು ನೋಡಿದ ಕೂಡಲೇ ಇಬ್ಬರ ನಗುವೂ ನಿಂತಿತು.

“ಹ್ವಾದ ದೀಪಾವಳಿಗಿ ದೊಡ್ಡಕ್ಕ ಬರ್ತಾಳೇನಂತ ಕೇಳಿದ್ನಲ್ಲ,” ಎಂದಳು ಚಂದಮ್ಮ. “ಆಕಿಗಿ ಆಗಂಗಿಲ್ಲ ಅಂದಿ.”

“ನಾ ಪಂಚಮಿಗಿ ಕೇಳಿದ್ದೆ,” ಎಂದಳು ಶರಣಬಸಮ್ಮ. “ಸಣ್ಣಾಕಿಗಿ ಪುರಸೊತ್ತಿಲ್ಲ ಅಂದಿ. ಚೌಡೇಶನ ಮದವ್ಯಾಗ ನನ್ನ ಅರಿಶಿಣಕ್ಕ ಕರದಿ, ಆಕಿನ್ನ ಅಕ್ಷತಕ್ಕ ಕರದಿ. ಯಾಕಂತೀನಿ?”

“ನೀವು ಎದುರಾ ಎದುರ ಬಂದ್ರ ಜಗಳಾಡ್ತೀರಂತ...”

“ಯಾರು ಹೇಳಿದ್ರು?”

ಶಾಂತಕುಮಾರ ಯೋಚಿಸಿದ. ಯಾರು ಹೇಳಿದ್ದರು ಎಂದು ಎಷ್ಟು ಯೋಚಿಸಿದರೂ ಒಂದು ಹೆಸರೂ ಹೊಳೆಯಲಿಲ್ಲ.

“ಒಂದು ದಿನ ಜಗಳಾಡೀವಿ, ಹೌದು,” ಎಂದಳು ಶರಣಬಸಮ್ಮ. ಅವಳ ದನಿ ಈಗ ಇಳಿದಿತ್ತು. “ಮರುದಿನ ಕೂಡಬೇಕಂದ್ರ ಎದುರಿಗಿ ಬರಬೇಕೋ ಬ್ಯಾಡೋ? ಆಕಿ ಬರ್ಲಿ ಮಾತಾಡಸ್ತೀನಂತ ನಾ ಕುಂತೆ. ನಾ ಬರ್ಲಿ ಅಂತ ಆಕಿ ಕುಂತಳು. ನೀ ಒಂದ್ ಸಲನೂ ಬರಗೊಟ್ಟಿಲ್ಲ.”

ಶಾಂತಕುಮಾರನ ಕೈ ತನಗೆ ತಿಳಿಯದಂತೆ ಅಂಗಿಯ ಕಿಸೆಯ ಮೇಲೆ ಹೋಯಿತು. ಹುಲಿ ಆಡನ್ನು ತಿನ್ನುತ್ತದೆ ಎಂಬುದು ಮಾಸ್ತರು ಕೊಟ್ಟದ್ದು. ದೊಡ್ಡಕ್ಕ ಸಣ್ಣಕ್ಕನನ್ನು ತಿನ್ನುತ್ತಾಳೆ ಎಂಬುದನ್ನು ಯಾರೂ ಕೊಟ್ಟಿರಲಿಲ್ಲ. ಅದನ್ನು ಅವನೇ ಕಿಸೆಯಿಂದ ತೆಗೆದು ಹಾಕಿದ್ದ. ಹಾಕಿದ ಮೇಲೆ, ಇಷ್ಟು ವರ್ಷ, ಭಾಳ ಎಚ್ಚರಿಕೆಯಿಂದ, ಒಂದು ಹೆಜ್ಜೆಯೂ ತಪ್ಪದಂತೆ ಲೆಕ್ಕ ಬಿಡಿಸುತ್ತಾ ಬಂದಿದ್ದ. ಮಗ್ಗಿ ತಪ್ಪಿ ಸಿಕ್ಕಿಬಿದ್ದ ಹುಡುಗನ ಹಾಗೆ ಅವನಿಗೆ ಒಮ್ಮೆಗೇ ಅಳು ಬಂತು.

“ತಪ್ಪಾತು ಅಕ್ಕಾ,” ಎಂದ. ಯಾವ ಅಕ್ಕನಿಗೆ ಎಂದು ಬಿಡಿಸಿ ಹೇಳಲಿಲ್ಲ.

ಫೋನು ಬಡಿದುಕೊಂಡಿತು. ಉಮಾದೇವಿ. “ಏನ್ರಿ, ಹೊತ್ತು ಮೀರ್ಲಿಕತ್ತದ. ಓಣಿ ಮಂದಿ ಎಲ್ಲಾ ಅಂಗಳದಾಗ ಕುಂತಾರ. ನಾವು ನಿಮ್ಮ ಅಕ್ಕಾಗ ಬಡದು ಹೊರಗ ಹಾಕೀವಂತ.”

ಶಾಂತಕುಮಾರ ಎರಡು ಬೈಕು, ಮೂರು ಜನ ಎಂದು ಮತ್ತೆ ಬೆರಳು ಮಡಿಚತೊಡಗಿದ. ಅವನು ಮುಗಿಸುವುದರೊಳಗೆ ಅಕ್ಕಂದಿರು ಎದ್ದು ನಡೆಯತೊಡಗಿದ್ದರು. ರಸ್ತೆಯನ್ನು ಬಿಟ್ಟು, ಸ್ಟೇಷನ್ನಿನ ಹಿಂದಿನ ಕಾಲುದಾರಿ ಹಿಡಿದು, ನೇರ ಹಳ್ಳಕ್ಕೆ ಇಳಿದರು. ಏಪ್ರಿಲ್ ತಿಂಗಳ ಹಳ್ಳ. ಹನಿ ನೀರಿರಲಿಲ್ಲ. ಶಾಲೆಗೆ ಹೋಗುವಾಗ ಮೂವರೂ ದಿನಾ ದಾಟುತ್ತಿದ್ದ ಜಾಗ ಅದೇ, ಆಗಿನ ಚಪ್ಪಟೆ ಬಂಡೆಗಳೂ ಅವೇ. ಚಂದಮ್ಮನ ಮಂಡಿ ಹಿಡಿದಲ್ಲಿ ಶರಣಬಸಮ್ಮ ಕೈ ಕೊಟ್ಟಳು. ಶಾಂತಕುಮಾರ ಬೈಕನ್ನು ಅಲ್ಲೇ ಬಿಟ್ಟು, ಕಾಕಾನ ಚೀಲ ಹೊತ್ತು, ಅವರ ಜೊತೆ ಹಿಂದೆ ನಡೆದ. ದಾಟಬೇಕಾದ ಹೊಳೆಯಲ್ಲಿ ನೀರಿದೆಯೋ ಇಲ್ಲವೋ ಎಂಬುದನ್ನೂ ಅವನು ನೋಡಿರಲಿಲ್ಲ.

ಇಬ್ಬರೂ ಕೈ ಹಿಡಿದುಕೊಂಡು ಮುಂಬಾಗಿಲಿನಿಂದ ಒಳಗೆ ಬಂದದ್ದನ್ನು ಕಂಡು ಓಣಿಯ ಜನಕ್ಕೆ ಸ್ವಲ್ಪ ನಿರಾಶೆಯಾಯಿತು. ಬೀಗತಿ ಮಾತ್ರ ಎಲ್ಲರಿಗಿಂತ ಮೊದಲು ಆರತಿ ಹಿಡಿದಳು.

ಹೆಸರು ಕೂಗುವ ಹೊತ್ತು ಬಂತು. ತೊಟ್ಟಿಲಲ್ಲಿ ಅವ್ವನ ಸೀರೆಗಳ ಕೌದಿಯ ಮೇಲೆ ಕೂಸು ಕಣ್ಣು ಬಿಟ್ಟು ಮಲಗಿತ್ತು. ಅಲ್ಲಿಯವರೆಗೂ ನಗುತ್ತಿದ್ದ ಇಬ್ಬರೂ ತೊಟ್ಟಿಲ ಮುಂದೆ ಬಂದು ತಟ್ಟನೆ ನಿಂತರು. ಅದೇ ಜಾಗ, ಅದೇ ಪ್ರಶ್ನೆ.

“ನೀ ಕೂಗು,” ಎಂದಳು ಶರಣಬಸಮ್ಮ. “ಅವ್ವ ನಿನಗ ಮಾತು ಕೊಟ್ಟಿದ್ಳು.”

“ನೀ ಹಿರಿಯಾಕಿ. ನೀನೇ ಕೂಗು.”

“ನೀ ಕೂಗು ಅಂದ್ನಲ್ಲ.”

“ನಾ ಒಲ್ಲೆ ಅಂದ್ನಲ್ಲ.”

ದನಿಗಳು ಮೆಲ್ಲಗೆ ಏರತೊಡಗಿದವು. ಉಮಾದೇವಿ ಗಂಡನ ಮುಖ ನೋಡಿದಳು. ಇಷ್ಟು ದೂರ ಬಂದು ಇಲ್ಲಿ ಮುರಿದುಬೀಳುವುದೇ ಎಂದುಕೊಂಡ ಶಾಂತಕುಮಾರ. ಅವನ ತಲೆಯೊಳಗೆ ಒಂದು ಹುಲಿಯೂ ಒಂದು ಆಡೂ ಓಡಾಡಲಿಲ್ಲ, ಎಲ್ಲ ಖಾಲಿಯಾಗಿತ್ತು.

ಆಗ ಮೂಲೆಯಲ್ಲಿ ಕೂತಿದ್ದ ಬಸವಂತರಾಯ ಕಾಕಾ ಗಂಟಲು ಸರಿಮಾಡಿಕೊಂಡರು. ಬೆಳಗಿನಿಂದ ಹೂಂ ಬಿಟ್ಟು ಬೇರೆ ಮಾತಾಡದ ಮನುಷ್ಯ. ಎಲ್ಲರೂ ತಿರುಗಿ ನೋಡಿದರು.

“ಕೂಸಿಗಿ ಕಿವಿ ಎರಡವಲ್ಲ,” ಎಂದರು ಕಾಕಾ.

ಶರಣಬಸಮ್ಮ ತೊಟ್ಟಿಲಿನ ಬಲಕ್ಕೆ ಹೋದಳು, ಚಂದಮ್ಮ ಎಡಕ್ಕೆ. ಇಬ್ಬರೂ ಒಟ್ಟಿಗೆ ಬಗ್ಗಿ, ಒಂದೊಂದು ಕಿವಿಯಲ್ಲಿ, ಒಂದೇ ಹೆಸರನ್ನು ಒಂದೇ ಸಲ ಕೂಗಿದರು. ಹೆಂಗಸರು ಇಬ್ಬರ ಬೆನ್ನಿಗೂ ಗುದ್ದಿದರು. ಎರಡೂ ಕಡೆಯಿಂದ ಸದ್ದು ಬಂದದ್ದಕ್ಕೆ ಕೂಸು ಬೆಚ್ಚಿ, ಆ ಕಡೆ ನೋಡಿ, ಈ ಕಡೆ ನೋಡಿ, ಅಳುವುದನ್ನು ಮರೆಯಿತು.

ಇಬ್ಬರೂ ಸೊಂಟ ಹಿಡಿದುಕೊಂಡು ಎದ್ದು ನಿಂತರು. ತೊಟ್ಟಿಲ ಕಾಲ ಬಳಿ ಶಾಂತಕುಮಾರ ಕಣ್ಣೊರೆಸಿಕೊಳ್ಳುತ್ತಾ ಬಗ್ಗಿ ಕೂಸನ್ನು ನೋಡುತ್ತಿದ್ದ. ಅಕ್ಕಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಅವನ ಆಚೆಗೆ ಬಂದಳು, ಒಬ್ಬಳು ಈಚೆಗೆ.

“ಲೆಕ್ಕ ತಪ್ಪಿದ್ರ ಏನು ಬೀಳ್ತಿತ್ತು, ನೆನಪದ ಏನಲೇ?” ಎಂದಳು ದೊಡ್ಡಕ್ಕ.

ಎರಡೂ ಗುದ್ದು ಒಟ್ಟಿಗೆ ಬಿದ್ದವು. ಸಣ್ಣಕ್ಕನ ಕೈಯ ಜೋರು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಶಾಂತಕುಮಾರ ಬೆನ್ನು ಸರಿಸಿಕೊಳ್ಳಲಿಲ್ಲ, ಇನ್ನೂ ಸ್ವಲ್ಪ ಬಗ್ಗಿದ.